ನಮ್ಮನೇಲಿ ಕುಡೀತಾರೆ

ಬಸ್ ನಿಲ್ದಾಣದಲ್ಲಿ ಎಲ್ಲರ ಬಾಯಲ್ಲೂ ಅವಳು ಗಮನಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಉಳಿದುಕೊಂಡಿತ್ತು, ಗಂಡನ ಬಾಯಲ್ಲಿ ಅಪರೂಪಕ್ಕೆ ಬರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಮೈಕಿನಲ್ಲಿ 'ಪ್ರಯಾಣಿಕರ ಗಮನಕ್ಕೆ' ಎನ್ನುತ್ತಲೇ ಇರುವವಳನ್ನು ಯಾರೋ ತರಲೆ ಡ್ರೈವರ್ ಒಮ್ಮೆ ಕೆಳಗಿನಿಂದ, "ಏನ್ ಗಮನಕ್ಕಾ, ನನ್ನ ಗಾಡಿ ಯಾವಾಗ ಬಿಡ್ತೀಯಾ?" ಎಂದು ಕೂಗಿದ. ಅಷ್ಟೇ, ಹೆಸರು ಅಂಟಿಕೊಂಡಿತು. ಮೊದಮೊದಲು ಅವಳು ಮುಖ ಊದಿಸಿಕೊಳ್ಳುತ್ತಿದ್ದಳು. ಆಮೇಲೆ ನಿಲ್ದಾಣದ ಕಂಟ್ರೋಲರೂ ಹಾಗೆಯೇ ಕರೆಯತೊಡಗಿದಾಗ, ಇನ್ನು ಜಗಳ ಕಾದು ಪ್ರಯೋಜನವಿಲ್ಲ ಎಂದು ಸುಮ್ಮನಾದಳು.

ಅವಳು ಕೂರುತ್ತಿದ್ದದ್ದು ಮಹಡಿಯ ಮೇಲಿನ ಗಾಜಿನ ಗೂಡಿನಲ್ಲಿ. ಅಲ್ಲಿಂದ ಬಸ್ಸುಗಳ ನೆತ್ತಿ ಮಾತ್ರ ಕಾಣುತ್ತಿತ್ತು, ಮನುಷ್ಯರ ಮುಖ ಕಾಣುತ್ತಿರಲಿಲ್ಲ. ಕಂಟ್ರೋಲರು ಕಿಂಡಿಯಲ್ಲಿ ಚೀಟಿ ತೂರಿಸುತ್ತಾನೆ. ಇವಳು ಗುಂಡಿ ಒತ್ತುತ್ತಾಳೆ, ಗಂಟೆಯ ಸದ್ದು ಪೂರ್ತಿ ಮುಗಿಯುವವರೆಗೆ ಉಸಿರು ಹಿಡಿದಿರುತ್ತಾಳೆ, ಆಮೇಲೆ ಹೇಳುತ್ತಾಳೆ. ಮೈಕಿನ ಮಾತಿಗೆ ಅದರದ್ದೇ ವ್ಯಾಕರಣ. ಬಸ್ಸು ಹೊರಡಲಿದೆ, ಬಸ್ಸು ತಡವಾಗಲಿದೆ, ಸಹಕರಿಸಬೇಕೆಂದು ಕೋರಲಾಗಿದೆ. ಕೋರುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಅಷ್ಟು ವರ್ಷಗಳ ಕೆಲಸದಲ್ಲಿ ಅವಳು ಮೈಕಿನ ಮುಂದೆ ಒಮ್ಮೆಯೂ 'ನಾನು' ಎಂದವಳಲ್ಲ. ಆದರೂ ಆ ಊರಿನಲ್ಲಿ ಅವಳ ದನಿ ಗೊತ್ತಿಲ್ಲದವರಿರಲಿಲ್ಲ. ತರಕಾರಿ ಅಂಗಡಿಯಲ್ಲಿ "ಈರುಳ್ಳಿ ಹೇಗೆ?" ಎಂದು ಕೇಳಿದರೆ ಪಕ್ಕದಲ್ಲಿದ್ದವರು ತಿರುಗಿ ನೋಡುತ್ತಿದ್ದರು, ಯಾವುದೋ ಬಸ್ಸು ತಪ್ಪಿಹೋದೀತು ಎನ್ನುವ ಹಾಗೆ.

ಕುಡಿತ ಶುರುವಾದದ್ದು ಈ ಗಂಟಲಿನಿಂದಲೇ. ದೊಡ್ಡ ದುಃಖ, ದೊಡ್ಡ ದ್ರೋಹ ಅಂತೆಲ್ಲ ಹುಡುಕಲು ಹೋಗಬೇಡಿ, ಅಂಥದ್ದೇನೂ ಇರಲಿಲ್ಲ. ಒಂದು ಚಳಿಗಾಲ ಗಂಟಲು ಕಟ್ಟಿತು. ನರ್ಸ್ ಆಗಿದ್ದ ಅತ್ತಿಗೆ, "ಬಿಸಿನೀರಿಗೆ ಒಂದು ಚಮಚ ಬ್ರಾಂಡಿ ಹಾಕ್ಕೊಂಡು ಕುಡಿ, ಔಷಧಿ ಅನ್ಕೋ" ಎಂದಳು. ಇವಳು ಅಂದುಕೊಂಡಳು. ಗಂಟಲು ಬಿಟ್ಟಿತು, ಔಷಧಿ ಬಿಡಲಿಲ್ಲ. ಚಮಚ ಹೋಗಿ ಮುಚ್ಚಳ ಬಂತು, ಮುಚ್ಚಳ ಹೋಗಿ ಲೋಟ ಬಂತು. ಬಿಸಿನೀರು ಯಾವಾಗ ಬಿಟ್ಟುಹೋಯಿತೋ ಅವಳಿಗೇ ನೆನಪಿಲ್ಲ. ಕೊನೆಕೊನೆಗೆ ನಿಂಬೆಹಣ್ಣು ಹಿಂಡಿದ ಬ್ರಾಂಡಿಯ ಫ್ಲಾಸ್ಕೊಂದು ಅವಳ ಜೊತೆ ಗಾಜಿನ ಗೂಡಿಗೆ ಬರತೊಡಗಿತು. ಹೆಂಗಸು ಹೀಗೆ ಕುಡಿಯಬಹುದು ಎನ್ನುವುದು ನಿಲ್ದಾಣದಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಕಣ್ಣು ಕೆಂಪಾದರೆ ನಿದ್ದೆಗೆಟ್ಟಿದ್ದಾಳೆ ಎಂದರು, ಕೈ ನಡುಗಿದರೆ ಮೈಯಲ್ಲಿ ರಕ್ತ ಕಡಿಮೆ ಎಂದರು. ಕಂಟ್ರೋಲರಂತೂ ಬೀಟ್‌ರೂಟ್ ತಿನ್ನು ಎಂದು ವಾರಗಟ್ಟಲೆ ಬೆನ್ನು ಹತ್ತಿದ.

ಮನೆಯಲ್ಲಿದ್ದವನು ಗಂಡ ಒಬ್ಬನೇ. ಮಕ್ಕಳಾಗಿರಲಿಲ್ಲ. ಅವನು ಒಂದು ಶಾಲೆಯ ವ್ಯಾನಿನ ಡ್ರೈವರ್. ಎಷ್ಟು ನಿಧಾನಕ್ಕೆ ಓಡಿಸುತ್ತಿದ್ದ ಎಂದರೆ ಮಕ್ಕಳು ಅವನಿಗೆ ಆಮೆ ಮಾಮ ಎಂದು ಹೆಸರಿಟ್ಟಿದ್ದರು. ಅವನಿಗೆ ಅದರಿಂದ ಹೆಮ್ಮೆಯೇ. ಕೆಮ್ಮಿನ ಔಷಧಿಯಲ್ಲೂ ಮತ್ತು ಇರುತ್ತದೆ ಎಂದು ಹೆದರಿ, ಕೆಮ್ಮುತ್ತಲೇ ವಾರ ಕಳೆಯುವ ಪ್ರಾಣಿ. ಜಗಳ ಎಂದರೆ ಅವನಿಗೆ ಆಗದು. ಹೆಂಡತಿ ಸಿಡುಕಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ವ್ಯಾನು ಒರೆಸುತ್ತಿದ್ದ. ಆ ಬೀದಿಯಲ್ಲಿ ಅಷ್ಟು ಹೊಳೆಯುವ ವ್ಯಾನು ಇನ್ನೊಂದಿರಲಿಲ್ಲ.

ಹೀಗೇ ಎಷ್ಟು ದಿನ ನಡೆಯುತ್ತಿತ್ತೋ. ಒಂದು ಬೆಳಿಗ್ಗೆ ಬಂದರಿಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ ಎಂದು ಚೀಟಿ ಬಂತು. ಅವಳು ಹನ್ನೆರಡನೇ ಅಂಕಣ ಎಂದಳು. ನಾಲಿಗೆ ಜಾರಿತು ಎನ್ನೋಣವೆಂದರೆ ಒಂದು ಸಲವಲ್ಲ, ಮೂರು ಸಲವೂ ಹಾಗೇ ಹೇಳಿದಳು, ಅದೂ ಮಧುರವಾಗಿ. ಕಂಟ್ರೋಲರು ಮೆಟ್ಟಿಲು ಹತ್ತಿ ಓಡಿಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಸ್ವಲ್ಪ ಹೊತ್ತಿಗೆ ಇಸ್ತ್ರಿ ಹಾಕಿದ ಅಂಗಿಯ ಒಬ್ಬ ವಯಸ್ಸಾದ ಮನುಷ್ಯ ಮೇಲೆ ಬಂದ. ಕೈಯಲ್ಲಿ ಹೂವಿನ ಕಟ್ಟಿತ್ತು. ಬೈಯುತ್ತಾನೆ ಎಂದು ಅವಳು ತಲೆ ತಗ್ಗಿಸಿ ಕೂತಳು. ಅವನು ಬೈಯಲಿಲ್ಲ.

"ನಮ್ಮಣ್ಣನ್ನ ಮಧ್ಯಾಹ್ನ ಮಣ್ಣು ಮಾಡ್ತಾರೆ. ಮುಖ ನೋಡ್ಬೇಕಿತ್ತು," ಎಂದ. "ಎರಡನೇ ಅಂಕಣದಲ್ಲಿ ಬಸ್ ನಿಂತಿದ್ದು ಕಣ್ಣಿಗೆ ಕಾಣ್ತಿತ್ತಮ್ಮ. ನೀವು ಹನ್ನೆರಡು ಅಂದ್ರಲ್ಲ, ನಿಮ್ಮ ಮಾತೇ ಸರಿ ಇರುತ್ತೆ ಅಂತ ಅಲ್ಲೇ ಕೂತೆ."

ಹೂವನ್ನು ಅಲ್ಲೇ ಕಿಟಕಿಯ ಹತ್ತಿರ ಇಟ್ಟು ಇಳಿದು ಹೋದ. ಒಂದು ಕೆಟ್ಟ ಮಾತಾಡಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ತಿರುಗಿ ಬೈದು, ಅತ್ತು, ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದಳು. ಅವನು ನಂಬಿ ಕೂತಿದ್ದ, ಅದನ್ನು ತಡೆದುಕೊಳ್ಳಲು ಅವಳಿಂದಾಗಲಿಲ್ಲ.

ನಿಲ್ದಾಣದ ಹೆಂಗಸರ ಶೌಚಾಲಯದ ಬಾಗಿಲಿಗೆ ಒಂದು ಸಣ್ಣ ಕಾಗದ ಅಂಟಿಸಿದ್ದರು. ಎಷ್ಟೋ ತಿಂಗಳಿಂದ ಅಲ್ಲೇ ಇತ್ತು. ಬಾಗಿಲ ಚಿಲಕ ಹಾಕುವಾಗೆಲ್ಲ ಕಣ್ಣಿಗೆ ಬೀಳುತ್ತಿತ್ತು, ಅವಳು ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದಳು. 'ಕುಡಿತ ಬಿಡಬೇಕೆಂದಿದ್ದೀರಾ? ಬನ್ನಿ, ಜೊತೆಗೆ ಕೂರೋಣ' ಎಂದಷ್ಟೇ ಬರೆದು, ಕೆಳಗೆ ಅಂಚೆ ಕಚೇರಿಯ ಹಿಂದಿನ ಹಳೇ ಶಾಲೆಯ ವಿಳಾಸ ಕೊಟ್ಟು, ಪ್ರತಿ ಗುರುವಾರ ಸಂಜೆ ಎಂದು ಸೇರಿಸಿದ್ದರು. ಆ ಗುರುವಾರ ಸಂಜೆ ನಿಲ್ದಾಣದಲ್ಲಿ ಕೆಲಸ ಜಾಸ್ತಿ ಇದೆ ಎಂದು ಗಂಡನಿಗೆ ಸುಳ್ಳು ಹೇಳಿ, ಮೈ ತುಂಬ ಹೊದ್ದುಕೊಂಡು ಹೊರಟಳು. ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ ಮಾಡಿದಳು: ನಾನು ಕುಡೀತೀನಿ, ಬಿಡ್ಬೇಕು ಅಂತ ಬಂದಿದ್ದೀನಿ. ಅಷ್ಟುದ್ದದ ಬಸ್ ಪಟ್ಟಿಗಳನ್ನು ಒಂದೇ ಉಸಿರಿಗೆ ಒಪ್ಪಿಸುವವಳಿಗೆ ಈ ಪುಟ್ಟ ವಾಕ್ಯ ಪ್ರತಿ ತಿರುವಿನಲ್ಲೂ ಮರೆತುಹೋಗುತ್ತಿತ್ತು.

ಶಾಲೆಯ ಮಹಡಿಯ ಮೇಲೆ ಒಂದು ದೊಡ್ಡ ಕೋಣೆಯನ್ನು ತೆಳು ಹಲಗೆ ಹೊಡೆದು ಎರಡು ಮಾಡಿದ್ದರು. ಎಡಗಡೆಯದರಲ್ಲಿ ಗಂಡಸರು ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಕೂತಿದ್ದರು. ಬಾಗಿಲಲ್ಲಿ ಚಹಾದ ಲೋಟ ಹಂಚುತ್ತಿದ್ದವನು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಅವನೇ ಸಭೆಗೆ ಹಿರಿಯ. ಒಂದು ಕಾಲಕ್ಕೆ ಅವನೂ ಚರಂಡಿಯಲ್ಲಿ ಬಿದ್ದೆದ್ದವನೇ. ಯಾರು ಯಾವ ಮನೆಯವರು ಎಂದು ಮುಖ ನೋಡಿ ಹೇಳುವ ಅಭ್ಯಾಸ ಅವನಿಗೆ ಕೆಲಸ ಬಿಟ್ಟ ಮೇಲೂ ಹೋಗಿರಲಿಲ್ಲ. ಇವಳನ್ನು ಒಮ್ಮೆ ನೋಡಿದ, ಮರುಕದಿಂದ ತಲೆ ಆಡಿಸಿದ.

"ಮನೆಯವರು ಕೂರೋದು ಆ ಕಡೆ ತಾಯಿ. ಹೋಗಿ, ಹೆದರ್ಬೇಡಿ. ಎಲ್ಲ ನಿಮ್ಮ ಥರದೋರೇ."

ಬಾಯಿಗೆ ಬಂದಿದ್ದ ವಾಕ್ಯವನ್ನು ಅವಳು ನುಂಗಿಕೊಂಡಳು. ನಿಜ ಹೇಳಬೇಕೆಂದರೆ ನುಂಗಿದ್ದು ಸಂತೋಷದಿಂದಲೇ. ನೇಣಿಗೆ ಕೊರಳೊಡ್ಡಿದವಳಿಗೆ ಮನೆಗೆ ಹೋಗು ಎಂದಂತಾಯಿತು. ಬಲಗಡೆಯ ಕೋಣೆಗೆ ಹೋದಳು. ಅಲ್ಲಿ ಕುಡುಕರ ಹೆಂಡತಿಯರು, ತಾಯಂದಿರು, ಅಕ್ಕತಂಗಿಯರು ಕೂತಿದ್ದರು. ಒಬ್ಬಳು ಸರಿದು ಜಾಗ ಕೊಟ್ಟಳು. ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬ ಹಣ್ಣುಮುದುಕಿ, ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಮೇಲೂ ಬರುವುದನ್ನು ಬಿಡದವಳು, ಇವಳ ಕೈ ಹಿಡಿದುಕೊಂಡು ಹೇಳಿದಳು: "ಇಲ್ಲಿ ಕೇಳಿದ್ದನ್ನ ಇಲ್ಲೇ ಬಿಟ್ಟು ಹೋಗೋದು, ಅದೊಂದೇ ಕಟ್ಟಳೆ. ಈಗ ಹೇಳವ್ವ, ಎದೆ ಹಗುರ ಮಾಡ್ಕೊ."

ಗಮನಕ್ಕ ಬಾಯಿ ಬಿಟ್ಟಳು. ಬಂದ ಮಾತು, "ನಮ್ಮನೇಲಿ ಕುಡೀತಾರೆ."

ಸುಳ್ಳೇನಲ್ಲ. ನಮ್ಮ ಮಾತಿನಲ್ಲಿ ಈ ಒಂದು ಸೌಕರ್ಯವಿದೆ ನೋಡಿ. ಯಾರು ಎಂದು ಹೇಳದೆಯೇ ವಾಕ್ಯ ಮುಗಿಸಿಬಿಡಬಹುದು. ಹೆಂಗಸು 'ಮನೇಲಿ' ಎಂದು ಹೇಳಿ ಕ್ರಿಯಾಪದಕ್ಕೊಂದು ಮರ್ಯಾದೆಯ ಬಾಲ ಅಂಟಿಸಿದರೆ ಸಾಕು, ಕೇಳುವವರೇ ಅಲ್ಲೊಬ್ಬ ಗಂಡನನ್ನು ತಂದು ಕೂರಿಸುತ್ತಾರೆ. ಅವಳು ಅಂದುಕೊಂಡು ಮಾಡಿದ್ದಲ್ಲ. ಆದರೆ ಆ ಬಾಲ ಸಿಕ್ಕಿದ ಮೇಲೆ ಮಾತು ಕಟ್ಟೆಯೊಡೆದು ಹರಿಯಿತು. ಬೆಳಿಗ್ಗೆ ಎದ್ದ ತಕ್ಷಣ ಬೇಕು ಅಂತಾರೆ. ಇವತ್ತೊಂದಿನ ಅಂತಾರೆ. ಕೆಲಸಕ್ಕೂ ತಗೊಂಡು ಹೋಗ್ತಾರೆ. ಕನ್ನಡಿ ನೋಡ್ಕೊಳ್ಳೋಕೆ ಹೆದರ್ತಾರೆ. ಒಂದೊಂದು ಮಾತೂ ಅಪ್ಪಟ ನಿಜ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತಳು. ಹೆಂಗಸರು ಬೆನ್ನು ಸವರಿದರು. ಯಾರೋ ಸೆರಗಿನಿಂದ ಇವಳ ಕಣ್ಣೊರೆಸಿದರು. ದನಿಯ ಗುರುತು ಹತ್ತಿದ ಒಬ್ಬಳು, "ಅಯ್ಯೋ, ಬಸ್ ಸ್ಟ್ಯಾಂಡಿನ ಅಕ್ಕ ಅಲ್ವಾ ನೀವು? ಇಷ್ಟು ಸಂಕಟ ಇಟ್ಕೊಂಡು ಅಷ್ಟು ಚೆನ್ನಾಗಿ ಹೇಳ್ತೀರಲ್ಲ!" ಎಂದು ತಾನೂ ಅತ್ತಳು.

ಅವಳಿಗೆ ಅಷ್ಟು ಅಕ್ಕರೆ ಸಿಕ್ಕದ್ದು ಎಷ್ಟು ವರ್ಷದ ಮೇಲೋ. ಮುಂದಿನ ಗುರುವಾರ ಮತ್ತೆ ಹೋದಳು, ಅದರ ಮುಂದಿನದೂ ತಪ್ಪಿಸಲಿಲ್ಲ. ಆ ಕೋಣೆಯಲ್ಲಿ ಅವಳಿಗೊಂದು ಬೆಲೆಯೂ ಬಂತು. ಬಾಟಲಿ ಎಲ್ಲಿ ಅಡಗಿಸುತ್ತಾರೋ ಗೊತ್ತಾಗುವುದಿಲ್ಲ ಎಂದು ಯಾರಾದರೂ ಗೋಳಾಡಿದರೆ ಗಮನಕ್ಕ ಮೆಲ್ಲಗೆ, "ಹಿಟ್ಟಿನ ಡಬ್ಬದ ತಳದಲ್ಲಿ ನೋಡಿದ್ರಾ? ಮಳೆಗಾಲದ ಬೂಟಿನೊಳಗೆ? ನೀರಿನ ಪೈಪಿನ ಹಿಂದೆ ಕೈ ಹಾಕಿ ನೋಡಿ" ಎನ್ನುತ್ತಿದ್ದಳು. ಅವರು ಹೋಗಿ ನೋಡುತ್ತಿದ್ದರು, ಸಿಗುತ್ತಿತ್ತು. "ಅದೆಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದೀರಕ್ಕ ನಿಮ್ಮ ಯಜಮಾನ್ರನ್ನ!" ಎಂದು ಅವರೆಲ್ಲ ಬೆರಗಾಗುತ್ತಿದ್ದರು. ನಗಬೇಕಾದ ಮಾತೇ. ಅವಳು ಮಾತ್ರ ನಗದೆ ನೆಲ ನೋಡುತ್ತಿದ್ದಳು. ಸಭೆಯ ದಿನ ಕುಡಿಯದೆ ಬರುತ್ತಿದ್ದಳು, ಮಾರನೆಯ ದಿನ ಎರಡು ದಿನದ್ದನ್ನೂ ಸೇರಿಸಿ ಕುಡಿಯುತ್ತಿದ್ದಳು. ಹಲಗೆಯ ಆಚೆಯಿಂದ ಗಂಡಸರ ಮಾತು ಅಸ್ಪಷ್ಟವಾಗಿ ಕೇಳುತ್ತಿತ್ತು. ಅಲ್ಲಿ ಯಾರಾದರೂ ಅತ್ತರೆ ಇವಳ ಮೈ ಜುಮ್ಮೆನ್ನುತ್ತಿತ್ತು.

ಆ ಕೋಣೆಯಲ್ಲಿ ಔಷಧಿ ಅಂಗಡಿ ನಡೆಸುವ ಒಬ್ಬಳಿದ್ದಳು. ಅವಳ ತಮ್ಮ ಕುಡುಕ. ಅವಳಿಗೊಬ್ಬ ಮಗಳು, ಇನ್ನೂ ಹಲ್ಲು ಬೀಳುವ ವಯಸ್ಸು. ಒಂದು ಸಂಜೆ ಸಭೆ ಮುಗಿಸಿಕೊಂಡು ಅವಳೂ ಗಮನಕ್ಕನೂ ಮಾತಾಡುತ್ತ ಬೀದಿಯ ತುದಿಯವರೆಗೆ ಬಂದರು. ಗ್ಯಾರೇಜಿನಿಂದ ಹಿಂತಿರುಗುತ್ತಿದ್ದ ಹೊಳೆಯುವ ವ್ಯಾನೊಂದು ಪಕ್ಕದಲ್ಲಿ ಬಂದು ನಿಂತಿತು. ಗಂಡ ಕತ್ತು ಹೊರಗೆ ಹಾಕಿ, "ಇಲ್ಲೇನು ಮಾಡ್ತಿದ್ದೀಯಾ? ಬಾ, ಹತ್ತು, ಮನೆಗೇ ಹೊರಟಿದ್ದೀನಿ" ಎಂದ.

ಔಷಧಿ ಅಂಗಡಿಯವಳು ವ್ಯಾನಿನ ಮೇಲಿದ್ದ ಶಾಲೆಯ ಹೆಸರು ಓದಿದಳು. ಡ್ರೈವರನ್ನು ನೋಡಿದಳು. ಆಮೇಲೆ ಗಮನಕ್ಕನನ್ನು ನೋಡಿದಳು.

"ಇವರೇನಾ ನಿಮ್ಮ ಯಜಮಾನ್ರು?"

"ಹೂಂ," ಎಂದಳು ಗಮನಕ್ಕ.

ಆಕೆಯ ಮುಖ ಸುಣ್ಣದಂತಾಯಿತು. ಅವಳ ಮಗಳು ದಿನವೂ ಹೋಗಿಬರುವುದು ಅದೇ ವ್ಯಾನಿನಲ್ಲಿ. ಬೆಳಿಗ್ಗೆ ಎದ್ದ ತಕ್ಷಣ ಬೇಕು ಅನ್ನುವವರು, ಕೆಲಸಕ್ಕೂ ತಗೊಂಡು ಹೋಗುವವರು. ಅವಳ ತಲೆಯಲ್ಲಿ ಏನು ಓಡುತ್ತಿದೆ ಎನ್ನುವುದು ಗಮನಕ್ಕನಿಗೆ ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿತ್ತು. ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಅಲ್ಲಿ ಆಡಬೇಕಾದ ಮಾತು ಆಡದವಳನ್ನು ಕ್ಷಮಿಸುವುದು ನನಗಂತೂ ಕಷ್ಟ. ಅವಳು ಬಾಯಿಗೆ ಬೀಗ ಹಾಕಿಕೊಂಡು ವ್ಯಾನು ಹತ್ತಿದಳು. ಗಂಡ ಎಂದಿನಂತೆ ಆಮೆಯ ಹಾಗೆ ಓಡಿಸಿದ. ಆ ಹೊತ್ತಿನಲ್ಲಿ ಆ ಬೀದಿಯಲ್ಲಿ ಏನು ಮಾಡುತ್ತಿದ್ದೆ ಎಂದು ದಾರಿಯಲ್ಲಿ ಒಂದು ಸಲವೂ ಕೇಳಲಿಲ್ಲ.

ಎರಡು ದಿನ ಕಳೆದ ಮೇಲೆ, ಅವಳಿಗೆ ರಜೆಯಿದ್ದ ಮಧ್ಯಾಹ್ನ, ಅವನು ನಡೆದುಕೊಂಡು ಮನೆಗೆ ಬಂದ. ವ್ಯಾನಿರಲಿಲ್ಲ. ಬಂದವನೇ ಒಗೆಯಲು ಹಾಕಿದ್ದ ಬಟ್ಟೆಗಳನ್ನು ಬೇರೆ ಮಾಡುತ್ತ ಕೂತ.

"ವ್ಯಾನ್ ಎಲ್ಲಿ?" ಎಂದಳು.

"ಬೀಗದ ಕೈ ಇಸ್ಕೊಂಡ್ರು. ವಿಚಾರಣೆ ಮಾಡ್ತಾರಂತೆ."

ಅವನು ಬಟ್ಟೆಯಿಂದ ಕಣ್ಣೆತ್ತದೆ ಹೇಳಿದ. ಹೆಡ್‌ಮಿಸ್ ಕರೆದು, ನೀವು ಕುಡೀತೀರಂತೆ ಎಂದು ಕೇಳಿದರು. ಇಲ್ಲ ಎಂದ. ಬಾಯಿ ಮೂಸಿ ನೋಡಿ ಎಂದ. ಇವತ್ತು ಕುಡಿದಿಲ್ಲ, ಸರಿ. ನಿಮ್ಮ ಹೆಂಡತಿಯೇ ಪ್ರತಿ ವಾರ ಹೋಗಿ ಕಣ್ಣೀರು ಹಾಕ್ತಾರಲ್ಲ, ಅವರು ಸುಳ್ಳು ಹೇಳ್ತಾರಾ ಎಂದರಂತೆ ಅವರು.

"ನೀವೇನಂದ್ರಿ?"

"ಏನಂತ ಹೇಳ್ಲಿ? ಸುಮ್ನೆ ಬೀಗದ ಕೈ ಕೊಟ್ಟು ಬಂದೆ."

"ಕುಡಿಯೋದು ಅವಳು ಅನ್ಬೇಕಿತ್ತು!"

ಅವನು ಒಂದು ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದ. ಕೊಳೆ ಅಂಗಿಯನ್ನು ಯಾರಾದರೂ ಮಡಚುತ್ತಾರೆಯೇ? ಅವನು ಮಡಚಿದ. ಅವಳ ಮಾತಿಗೆ ಬೆಚ್ಚಲೂ ಇಲ್ಲ. ಹಾಗಾದರೆ ಇವನಿಗೆ ಮೊದಲೇ ಗೊತ್ತು ಎನ್ನುವುದು ಆಗ ಅವಳಿಗೆ ತಿಳಿಯಿತು. ಎಷ್ಟು ದಿನದಿಂದ ಎಂದು ಕೇಳಿದಳು.

"ಫ್ಲಾಸ್ಕ್ ತೊಳೆಯೋನು ನಾನೇ ಅಲ್ವಾ," ಎಂದ ಅವನು. "ದಿನಾ ವಾಸನೆ ಬರ್ತಿತ್ತು. ಚೆನ್ನಾಗಿ ಉಜ್ಜಿ ತೊಳೆದಿಟ್ರೆ ನಾಳೆ ಬರೀ ನಿಂಬೆನೀರು ತುಂಬ್ಕೊಂಡು ಹೋಗ್ತೀಯೇನೋ ಅನ್ಕೋತಿದ್ದೆ." ಮಡಚಿದ ಅಂಗಿಯನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದ: "ಏನಾದ್ರೂ ಆಗ್ಲಿ, ಅಲ್ಲಿಗೆ ಹೋಗೋದು ಮಾತ್ರ ನಿಲ್ಲಿಸ್ಬೇಡ. ನನಗೆ ಬೇರೆ ಎಲ್ಲಾದ್ರೂ ಗಾಡಿ ಸಿಗುತ್ತೆ."

ಸಿಗುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಕುಡಿದು ಮಕ್ಕಳ ವ್ಯಾನು ಓಡಿಸಿದವನು ಎಂಬ ಹೆಸರು ಬಂದ ಮೇಲೆ ಅವನ ಕೈಗೆ ಕೈಗಾಡಿಯನ್ನೂ ಕೊಡುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ಆಮೆ ಮಾಮ ಎಂದು ಕರೆಯುತ್ತಿದ್ದ ಮಕ್ಕಳನ್ನು ನಾಳೆಯಿಂದ ಅವನನ್ನು ಕಂಡರೆ ತಾಯಂದಿರು ಆಚೆ ಎಳೆದುಕೊಳ್ಳುತ್ತಾರೆ. ಸಂಜೆ ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಒರೆಸಲು ವ್ಯಾನಿಲ್ಲದ್ದರಿಂದ ಗೇಟಿನ ಹತ್ತಿರ ನಿಂತುಕೊಂಡ. ಅವಳು ಅದನ್ನು ಕಿಟಕಿಯಿಂದ ನೋಡಿದಳು, ನೋಡಿ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿ ಬಾಟಲಿ ತೆಗೆದು ಕುಡಿದಳು. ಇದನ್ನು ಮುಚ್ಚಿಟ್ಟು ಅವಳನ್ನು ಒಳ್ಳೆಯವಳು ಮಾಡಿ ತೋರಿಸುವುದರಲ್ಲಿ ಅರ್ಥವಿಲ್ಲ. ನಾಚಿಕೆ ಹೆಚ್ಚಾದಷ್ಟೂ ದಾಹ ಹೆಚ್ಚಾಗುತ್ತದೆ. ಆ ರೋಗವೇ ಅಂಥದ್ದು.

ಗುರುವಾರ ಬರುವವರೆಗೆ ಅವರಿಬ್ಬರೂ ಮನೆಯಲ್ಲಿ ಮುಖ ತಪ್ಪಿಸಿಕೊಂಡು ಓಡಾಡಿದರು. ಗುರುವಾರ ಸಂಜೆ ಅವಳು ಹೊರಟಾಗ ಅವನೂ ಜೊತೆಗೆ ಹೊರಟ. ಶಾಲೆಯ ಮೆಟ್ಟಿಲಿನ ಕೆಳಗೆ ಅವನು ನಿಂತ, ಇವಳು ಹತ್ತಿದಳು.

ಹೆಂಗಸರ ಕೋಣೆಯಲ್ಲಿ ಅಂದು ಔಷಧಿ ಅಂಗಡಿಯವಳೇ ಇವಳಿಗೆ ಮೊದಲು ಜಾಗ ಕೊಟ್ಟಳು. ಕಿವಿಯ ಹತ್ತಿರ ಬಗ್ಗಿ, "ಸಿಟ್ಟು ಮಾಡ್ಕೋಬೇಡಿ ಅಕ್ಕ. ಮಗೂದು ಪ್ರಾಣದ ಪ್ರಶ್ನೆ. ಇಲ್ಲಿ ಕೇಳಿದ್ದನ್ನ ಹೊರಗೆ ಹೇಳ್ಬಾರ್ದು, ಗೊತ್ತು, ಆದ್ರೂ..." ಎಂದಳು. ಅವಳ ಕಣ್ಣು ತುಂಬಿತ್ತು. ಅವಳು ಮಾಡಿದ್ದರಲ್ಲಿ ತಪ್ಪೇನಿತ್ತು? ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು.

ಗಮನಕ್ಕ ಕೂರಲಿಲ್ಲ. ನಿಂತೇ ಹೇಳಿದಳು. ಅವಳ ದನಿ ಆವತ್ತು ಒಡಕಲಾಗಿ ಬಂತು.

"ನಮ್ಮನೇಲಿ ಕುಡಿಯೋದು ಅವರಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಗಂಡನ ಕೆಲಸ ಹೋಯಿತು, ಹೆದರಿ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡು ಒಬ್ಬಳು, "ಅಕ್ಕ, ಅವರನ್ನ ಬಚಾವ್ ಮಾಡೋಕೆ ಹೋಗ್ಬೇಡಿ, ನಾವೆಲ್ಲ ಆ ತಪ್ಪು ಮಾಡಿದ್ದೀವಿ" ಎಂದಳು. ಗಮನಕ್ಕ ತಲೆ ಅಲ್ಲಾಡಿಸಿದಳು. "ಅವರು ಒಂದು ತೊಟ್ಟೂ ಮುಟ್ಟಿದೋರಲ್ಲ. ಕೆಮ್ಮಿನ ಔಷಧೀನೂ ಕುಡಿಯಲ್ಲ."

"ಮತ್ತೆ ನಿಮ್ಮನೇಲಿ ಇರೋದೇ ಇಬ್ರು ಅಂದಿದ್ರಿ," ಎಂದಳು ಔಷಧಿ ಅಂಗಡಿಯವಳು. ಹೇಳಿದವಳೇ ನಡುವೆ ನಿಲ್ಲಿಸಿದಳು.

ಗಮನಕ್ಕ ಬಾಯಿ ತೆರೆದಳು. 'ನಾನು' ಎನ್ನುವ ಎರಡಕ್ಷರ ಹೊರಗೆ ಬರಲಿಲ್ಲ. ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡಳು, ಅಷ್ಟೇ.

ಅವಳ ಕಣ್ಣೊರೆಸಿದ್ದವಳು ಬೆಂಚಿನಲ್ಲಿ ಆಚೆ ಸರಿದಳು. ಇನ್ನೊಬ್ಬಳು, "ಅದಕ್ಕೇ ಬಾಟ್ಲಿ ಎಲ್ಲೆಲ್ಲಿರುತ್ತೆ ಅಂತ ಅಷ್ಟು ಸರಿಯಾಗಿ..." ಎಂದು ಮಾತು ನುಂಗಿದಳು. ಔಷಧಿ ಅಂಗಡಿಯವಳ ಮುಖ ಕೆಂಡವಾಗಿತ್ತು. "ಎಂಥ ಹೆಂಗಸ್ರೀ ನೀವು? ಆ ಮನುಷ್ಯನ ಮೇಲೆ ನಾನು ದೂರು ಕೊಟ್ಟೆ. ನನ್ನ ಮಗಳು ನಾಲ್ಕೈದು ದಿನದಿಂದ ಆಮೆ ಮಾಮ ಎಲ್ಲಿ ಅಂತ ಪ್ರಾಣ ತಿಂತಿದ್ದಾಳೆ. ಆವತ್ತು ವ್ಯಾನ್ ಹತ್ತೋವಾಗ ನಿಮ್ಮ ಬಾಯಿಗೆ ಏನಾಗಿತ್ತು?"

ಆಕೆ ಚೀಲಕ್ಕೆ ಕೈ ಹಾಕಿ ಫೋನ್ ಹುಡುಕತೊಡಗಿದಳು.

"ಈಗ್ಲೇ ಹೆಡ್‌ಮಿಸ್‌ಗೆ ಫೋನ್ ಮಾಡ್ತೀನಿ. ಯಾಕೆ, ಏನು ಅಂತ ಕೇಳ್ತಾರೆ. ನಿಮ್ಮ ವಿಷ್ಯ ಹೇಳ್ಬೇಕಾಗುತ್ತೆ. ನಾಳೆ ಬಸ್ ಸ್ಟ್ಯಾಂಡಿಗೂ ಮುಟ್ಟುತ್ತೆ."

"ಹೇಳಿ," ಎಂದಳು ಗಮನಕ್ಕ. "ಅವರ ಹೆಸರು ಕ್ಲೀನ್ ಆಗ್ಬೇಕು. ಪೂರ್ತಿ ಹೇಳಿ."

ಆಕೆ ಫೋನ್ ತೆಗೆದುಕೊಂಡು ಹೊರಗಿನ ಮೊಗಸಾಲೆಗೆ ಹೋದಳು. ಬಾಗಿಲು ತೆರೆದೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು: ಹೌದು ಮೇಡಂ, ನಂದೇ ತಪ್ಪು, ಅವರು ಕುಡಿಯಲ್ಲ, ಅವರ ಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತು ಅತ್ತ ಕಡೆಯ ಮಾತು ಕೇಳಿದಳು. ಹೌದು ಮೇಡಂ, ಅವರ ಹೆಂಡತಿ. ಹೂಂ, ಅವರೇ, ಅನೌನ್ಸ್ ಮಾಡೋರು. ವಾಪಸು ಬಂದವಳು ಗಮನಕ್ಕನತ್ತ ನೋಡದೆ, "ನಿಮ್ಮ ಯಜಮಾನ್ರು ಕೆಳಗೇ ನಿಂತಿದ್ದಾರೆ. ಸೋಮವಾರ ಬಂದು ಬೀಗದ ಕೈ ತಗೊಳ್ಳೋಕೆ ಹೆಡ್‌ಮಿಸ್ ಹೇಳಿದ್ದಾರೆ" ಎಂದಳು. ತನ್ನ ಗಾಜಿನ ಗೂಡು ಹೋಯಿತು ಎನ್ನುವುದು ಗಮನಕ್ಕನಿಗೆ ಅರಿವಾಯಿತು. ಹೋದದ್ದು ಹೋಗಲಿ ಎನ್ನುವಷ್ಟು ಧೈರ್ಯವೇನೂ ಅವಳಲ್ಲಿರಲಿಲ್ಲ.

ದೊಡ್ಡಮ್ಮ ಬೆಂಚು ಹಿಡಿದುಕೊಂಡು ಎದ್ದು ಬಂದಳು. ಬೈಯುತ್ತಾಳೋ ತಬ್ಬುತ್ತಾಳೋ ಎಂದು ಉಳಿದವರು ಕಾದರು. ಅವಳು ಎರಡೂ ಮಾಡಲಿಲ್ಲ. "ತಪ್ಪು ಕೋಣೇಲಿ ಕೂತಿದ್ದೀಯಲ್ಲೇ," ಎಂದಳು. "ನಡಿ." ಭುಜ ಹಿಡಿದು ಎಡಗಡೆಯ ಬಾಗಿಲವರೆಗೂ ನಡೆಸಿಕೊಂಡು ಹೋದಳು. ಅಲ್ಲಿದ್ದ ಪೋಸ್ಟ್‌ಮ್ಯಾನಿಗೆ, "ಇವಳು ನಿಮ್ಮ ಕಡೆಯವಳು. ವಿಳಾಸ ತಪ್ಪಿ ಕಳಿಸಿದ್ದೀರಿ" ಎಂದು ಚುಚ್ಚಿದಳು. ಅವನು ನಾಚಿ, ತನ್ನ ಚಹಾದ ಲೋಟವನ್ನೇ ಇವಳ ಕೈಗಿಟ್ಟ.

ಎಡಗಡೆಯ ಕೋಣೆಯಲ್ಲಿ ಯಾರೂ ಅವಳ ಬೆನ್ನು ಸವರಲಿಲ್ಲ. ಒಬ್ಬ ಪೇಂಟರ್ ಬೆಂಚಿನಲ್ಲಿ ಸರಿದುಕೂತ. ಮೂಲೆಯಲ್ಲಿದ್ದವನು ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ತನ್ನ ಕಥೆ ಹೇಳಲು ಶುರು ಮಾಡಿದ. ನಡುಗುವ ಕೈಗಳಿಂದ ಲೋಟ ಹಿಡಿದವರು ಅಲ್ಲಿ ಅವಳೊಬ್ಬಳೇ ಆಗಿರಲಿಲ್ಲ. "ಮಾತಾಡ್ಲೇಬೇಕು ಅಂತೇನಿಲ್ಲ ತಾಯಿ. ಕೂತ್ರೂ ಸಾಕು," ಎಂದ ಪೋಸ್ಟ್‌ಮ್ಯಾನ್. ಅವಳು ಕೂತಳು. ಬೆಂಚು ತೀರ ಚಿಕ್ಕದು. ಸರದಿ ಒಬ್ಬರಿಂದ ಒಬ್ಬರಿಗೆ ದಾಟಿ ತನ್ನ ಕಡೆಗೇ ಬರುತ್ತಿತ್ತು. ಈ ವಾರ ಬೇಡ, ಇವತ್ತಿಗಿಷ್ಟು ಸಾಕು, ಮುಂದಿನ ವಾರ ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಸಬೂಬು ಹೊಂದಿಸಿಕೊಳ್ಳತೊಡಗಿದಳು.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ದೊಡ್ಡಮ್ಮನ ಗದರಿಕೆ ಕೇಳಿಸಿತು. "ಕೆಳಗೆ ಕಂಬದ ಥರ ಯಾಕಪ್ಪ ನಿಂತಿದ್ದೀಯಾ? ಬಾ ಮೇಲೆ. ನಿನ್ನ ಕೋಣೆ ಇದು." ಹಲಗೆಯ ಆಚೆ ಬೆಂಚು ಕಿರುಗುಟ್ಟಿತು. ಹೆಂಗಸರ ಪಿಸುಮಾತು ಎದ್ದು ಅಡಗಿತು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮು ಯಾರದೆಂದು ಗಮನಕ್ಕನಿಗೆ ಹೇಳಿಕೊಡಬೇಕಾಗಿರಲಿಲ್ಲ.

"ನನ್ನ ಹೆಂಡ್ತಿ ಕುಡೀತಾಳೆ," ಎಂದ ಅವಳ ಗಂಡ. ಹಲಗೆಗೆ ಒರಗಿಯೇ ಕೂತಿರಬೇಕು, ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಸಮಾಧಾನದ ಮಾತಾಡುತ್ತಾನೆ, ಅವಳದೇನೂ ತಪ್ಪಿಲ್ಲ ಎನ್ನುತ್ತಾನೆ ಎಂದು ಅವಳು ತಲೆ ತಗ್ಗಿಸಿಕೊಂಡಳು. ಅವನು ಹಾಗೆನ್ನಲಿಲ್ಲ.

"ನನಗೆ ಅವಳ ಮೇಲೆ ತುಂಬಾ ಸಿಟ್ಟಿದೆ," ಎಂದ. "ತುಂಬಾ ಅಂದ್ರೆ ತುಂಬಾ. ಎಲ್ಲರೂ ನನ್ನನ್ನ ಸಾಧು ಅಂತಾರೆ. ಒಂದೊಂದು ಸಲ ವ್ಯಾನ್ ಒರೆಸ್ತಾ ಒರೆಸ್ತಾ, ಹೀಗೇ ಎಲ್ಲಾದ್ರೂ ಹೊರಟ್ಹೋಗಿಬಿಡೋಣ ಅನ್ಸುತ್ತೆ. ಈ ಮಾತನ್ನ ಎಲ್ಲಿ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ. ಮನೇಲಿ ಹೇಳಿದ್ರೆ ಇನ್ನೂ ಕುಡೀತಾಳೆ ಅಂತ ಭಯ." ಅಷ್ಟು ಹೇಳಿ ಅವನು ಅಳತೊಡಗಿದ. ಅಳು ಗೊತ್ತಿಲ್ಲದವರು ಅಳುವ ಹಾಗೆ, ಬಿಕ್ಕಳಿಕೆಯ ಹಾಗೆ.

ಮದುವೆಯಾದಂದಿನಿಂದ ಅವಳು ಅವನ ಸಿಟ್ಟನ್ನು ಕೇಳಿದ್ದು ಅದೇ ಮೊದಲು. ಎದೆಗೆ ಚೂರಿ ಹಾಕಿದಂತಾಯಿತು. ಆದರೂ ಅಷ್ಟು ವರ್ಷ ಗೋಡೆಯ ಜೊತೆ ಬದುಕಿದವಳಿಗೆ ಕೊನೆಗೊಮ್ಮೆ ಮನುಷ್ಯನ ದನಿ ಕೇಳಿಸಿತ್ತು. ಅವನು ಸುಮ್ಮನಿದ್ದು ತನ್ನನ್ನು ಕಾಯುತ್ತಿದ್ದ, ತಾನು ಸುಮ್ಮನಿದ್ದು ಅವನನ್ನು ಮುಳುಗಿಸುತ್ತಿದ್ದೆ ಎನ್ನುವುದು ಅವಳಿಗೆ ಅಲ್ಲಿ, ಆ ಮಕ್ಕಳ ಬೆಂಚಿನ ಮೇಲೆ, ನೇರವಾಗಿ ತಿಳಿಯಿತು.

ಪೇಂಟರ್ ತನ್ನ ಮಾತು ಮುಗಿಸಿ ಅವಳ ಕಡೆ ನೋಡಿದ. ಬೇಡವಾದರೆ ಬಿಡಿ ಎನ್ನುವಂತೆ ಪೋಸ್ಟ್‌ಮ್ಯಾನ್ ಕೈ ಆಡಿಸಿದ. ಅವಳು ಲೋಟವನ್ನು ನೆಲದ ಮೇಲಿಟ್ಟು ಎದ್ದು ನಿಂತಳು.

"ನಾನು ಕುಡೀತೀನಿ," ಎಂದಳು.

ಹಲಗೆಯ ಆಚೆ ಅಳು ತಟ್ಟನೆ ನಿಂತಿತು. ಅವಳು ಆ ಕಡೆಗೇ ಮುಖ ತಿರುಗಿಸಿ, ಅವನಿಗೂ ಸರಿಯಾಗಿ ಕೇಳಿಸಲಿ ಎಂದು, ಇನ್ನೊಂದು ಸಲ ಹೇಳಿದಳು.